ನಿನ್ನ ಬೋಣಿ

ಕಂಕನಾಡಿ, ಮಂಗಳೂರು
20 ನವೆಂಬರ್ 2025, ಗುರುವಾರ ಬೆಳಿಗ್ಗೆ

ಪ್ರೀತಿಯ ನಿರೀಕ್ಷಾ,

ಇವತ್ತು ಬೆಳಿಗ್ಗೆ ಅಂಗಳದ ನಲ್ಲಿಯ ಹತ್ತಿರ ಉಮ್ಮನ ಎಡಗಾಲಿನ ಚಪ್ಪಲಿ ಒಂದೇ ಬಿದ್ದಿತ್ತು. ಬಲಗಾಲಿನದು ಬಾಗಿಲ ಹೊರಗೆ ತನ್ನ ಜಾಗದಲ್ಲೇ ಇತ್ತು. ಉಮ್ಮ ಒಂದೇ ಚಪ್ಪಲಿಯಲ್ಲಿ ಅಂಗಳ ದಾಟಿ ಬಂದು, ಇದ್ದ ಒಂದನ್ನು ಎಂದಿನಂತೆ ಕ್ರಮವಾಗಿ ಬಿಟ್ಟು, ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಿದ್ದಳು. ನಾನು ಬಿದ್ದದ್ದನ್ನು ತೊಳೆದು ಅದರ ಜೊತೆಯ ಪಕ್ಕ ಒಣಗಲು ಇಟ್ಟೆ. ಆಮೇಲೆ ಈ ಪತ್ರಕ್ಕೆ ಕುಳಿತೆ.

ನೀನು ಹೇಗಿದ್ದೀ? ನಿನ್ನ ಪತ್ರ ಬಂದು ಮೂರು ವಾರದ ಮೇಲಾಯಿತು. ಉತ್ತರ ತಡವಾದದ್ದಕ್ಕೆ ಬೈಯಬೇಡ. ಫೋನು ಮಾಡಬಹುದಿತ್ತು ಎನ್ನುತ್ತೀ. ಫೋನಿನಲ್ಲಿ ನಾನು ಹ್ಞೂಂ ಎನ್ನುವುದರಿಂದ ಆಚೆಗೆ ಹೋಗುವುದಿಲ್ಲ ಎಂದು ನಿನಗೆ ಗೊತ್ತುಂಟು. ಅದೂ ಅಲ್ಲದೆ ನಿನ್ನ ಪತ್ರದ ಕೊನೆಯ ಸಾಲು ನನ್ನ ಕೈ ಕಟ್ಟಿಹಾಕಿತ್ತು. ರೇಡಿಯಾಲಜಿಗೆ ಹುಬ್ಬಳ್ಳಿಯಲ್ಲಿ ಸೀಟು ಸಿಕ್ಕಿದೆ, ಅಮ್ಮನಿಗೆ ಮತ್ತು ನಿನಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ, ನಮ್ಮ ಓಣಿಯವರ ಮುಖ ನೆನೆದರೆ ಹೆದರಿಕೆಯಾಗುತ್ತದೆ, ನೀನು ಬೇಡ ಎಂದರೆ ನಾನು ಹೋಗುವುದಿಲ್ಲ ಝಹ್ರಾ, ಎಂದು ಬರೆದಿದ್ದೀ. ಇಷ್ಟು ದೊಡ್ಡದನ್ನು ನನ್ನ ಕೈಗೆ ಯಾರೂ ಕೊಟ್ಟಿರಲಿಲ್ಲ. ಅದನ್ನು ಎಲ್ಲಿ ಇಡುವುದೆಂದು ತಿಳಿಯದೆ ಮೂರು ವಾರ ಹಿಡಿದುಕೊಂಡೇ ಓಡಾಡಿದೆ.

ಮೊದಲು ಸುದ್ದಿ ಹೇಳುತ್ತೇನೆ. ನಿನ್ನ ಅಮ್ಮ ಕಿನ್ನಿಯಕ್ಕ ಚೆನ್ನಾಗಿದ್ದಾರೆ. ಮೊನ್ನೆ ಬಂಗುಡೆ ಪುಳಿಮುಂಚಿ ಮಾಡಿ ಒಂದು ಪಾತ್ರೆ ನಮಗೂ ಕೊಟ್ಟರು. ನಮ್ಮ ಅಣ್ಣ ಇಮ್ತಿಯಾಝ್ ದಮ್ಮಾಮಿನಿಂದ ಬರುವುದು ಇನ್ನು ರಮ್ಝಾನಿಗೇ ಅಂತೆ. ತಂಗಿಯ ಮದುವೆಯ ಮಾತನ್ನು ಆಗ ಎತ್ತುತ್ತಾನಂತೆ, ಎತ್ತಲಿ. ನನಗೆ ಕಾಲೇಜಿನಲ್ಲಿ ವಾರಕ್ಕೆ ನಾಲ್ಕು ಪಾಠ ಸಿಕ್ಕಿದೆ. ಮೊದಲ ದಿನ ಹಿಂದಿನ ಬೆಂಚಿನವರು ಕೇಳಿಸುವುದಿಲ್ಲ ಮೇಡಂ ಎಂದರು. ನಾನು ಚಿತ್ತರಂಜನ ಡಾಕ್ಟ್ರನ್ನು ನೆನೆದುಕೊಂಡು ಗಟ್ಟಿಯಾಗಿ ಓದಿದೆ.

ನಿನಗೂ ಅದು ನೆನಪಿರಬೇಕು. ನಾನು ಆರನೇ ಕ್ಲಾಸಿನವರೆಗೆ ಮನೆಯ ಹೊರಗೆ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ನಾಲಗೆ ಕಟ್ಟಿದೆಯೋ ಎಂದು ಉಮ್ಮ ನನ್ನನ್ನು ಡಾಕ್ಟ್ರಲ್ಲಿಗೆ ಕರೆದುಕೊಂಡು ಹೋಗಿದ್ದಳು. ಅವರು ಬಾಯಿ ತೆರೆಸಿ ನೋಡಿ, ನಾಲಗೆ ಒಳ್ಳೆಯದೇ ಉಂಟು, ಕೆಲಸ ಇಲ್ಲದೆ ಕೂತಿದೆ ಅಷ್ಟೆ, ಎಂದು ಅವತ್ತಿನ ಪೇಪರನ್ನು ಕೈಗೆ ಕೊಟ್ಟರು. ಹೊರಗೆ ಕಾಯುವವರಿಗೆಲ್ಲ ಒಂದು ಪುಟ ಓದಿ ಹೇಳಬೇಕು, ದಿನಾ ಬೆಳಿಗ್ಗೆ, ಊಟದ ಮೊದಲೋ ನಂತರವೋ ತೊಂದರೆ ಇಲ್ಲ ಎಂದರು. ನನ್ನ ಎಂ.ಎ.ಯ ಕನ್ನಡ ಆ ಬೆಂಚಿನಲ್ಲಿ ಹುಟ್ಟಿದ್ದು. ಜ್ವರದವರು, ಕೆಮ್ಮಿನವರು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡವರು ನನ್ನ ಮೊದಲ ಕೇಳುಗರು. ನೀನು ಎದುರಿನ ಬೆಂಚಿನಲ್ಲಿ ಕಾಲು ಆಡಿಸುತ್ತಾ, ನಾನು ತಡವರಿಸಿದಾಗ ಮುಂದಿನ ಅಕ್ಷರವನ್ನು ತುಟಿಯಲ್ಲೇ ಹೇಳಿಕೊಡುತ್ತಿದ್ದಿ.

ಬೆಳಗ್ಗಿನ ಚಪ್ಪಲಿ ಸಾಲು ನೆನಪಾಗುತ್ತದೆ. ಕ್ಲಿನಿಕ್ಕಿನ ಶಟರು ತೆರೆಯುವ ಮೊದಲೇ ಓಣಿಯವರೆಲ್ಲ ಬಂದು ಒಂದರ ಹಿಂದೆ ಒಂದು ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಮನೆಗೆ ಹೋಗಿ ಚಹಾ ಕುಡಿದು ಬರುತ್ತಿದ್ದರು. ಚಪ್ಪಲಿ ಇದ್ದಲ್ಲಿ ಮನುಷ್ಯ ಇದ್ದ ಹಾಗೆ. ಯಾರೂ ಅದನ್ನು ದಾಟುತ್ತಿರಲಿಲ್ಲ. ಡಾಕ್ಟ್ರು ಬಂದವರು ಬೀಗದ ಕೈ ತಿರುಗಿಸುವ ಮೊದಲು ಆ ಸಾಲನ್ನು ಒಮ್ಮೆ ನೋಡುತ್ತಿದ್ದರು. ಯಾರ ಹಿಮ್ಮಡಿ ಸವೆದಿದೆ, ಯಾರು ಕಾಲೆಳೆದು ನಡೆಯುತ್ತಾರೆ, ಯಾವ ಮನೆಯ ಸಣ್ಣ ಚಪ್ಪಲಿ ಈ ವಾರ ಎರಡನೇ ಸಲ ಬಂದಿದೆ, ಎಲ್ಲ ಅಲ್ಲೇ ತಿಳಿಯುತ್ತಿತ್ತು. ಸಕ್ಕರೆ ಕಾಯಿಲೆಯವರನ್ನು ಅವರು ತಪ್ಪದೆ ಕೇಳುವ ಒಂದು ಪ್ರಶ್ನೆ ಇತ್ತು: ನಡೆಯುವಾಗ ಚಪ್ಪಲಿ ನಿಮಗೆ ಗೊತ್ತಾಗದೆ ಕಾಲಿನಿಂದ ಕಳಚಿ ಹೋಗ್ತದಾ? ನಾವಿಬ್ಬರೂ ಅದನ್ನು ಕೇಳಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಚಪ್ಪಲಿ ಕಳಚಿದ್ದು ಯಾರಿಗಾದರೂ ಗೊತ್ತಾಗದೆ ಇರುತ್ತದಾ ಎಂದು.

ಅವರ ಕಣ್ಣು ಮಂದವಾಗಿ, ಕೈ ನಡುಗಲು ಶುರುವಾಗಿ, ಕಳೆದ ಬೇಸಿಗೆಯಲ್ಲಿ ಅವರೇ ಶಟರು ಎಳೆದದ್ದು ನಿನಗೆ ಬರೆದಿದ್ದೆ. ನಾಲ್ಕು ದಿನ ಜನ ಆದರೂ ಚಪ್ಪಲಿ ಇಟ್ಟರು. ಐದನೆಯ ದಿನ ಕ್ಲಿನಿಕ್ಕಿನ ಒಲಿಂಡಾ ಬಾಯಿ ಬಂದು, ಅಷ್ಟು ವರ್ಷ ಮಾತ್ರೆ ಕಟ್ಟಿಕೊಟ್ಟ ಅದೇ ಕೈಗಳಿಂದ, ಪ್ರತಿಯೊಂದು ಜೊತೆಯನ್ನೂ ಅವರವರ ಮನೆಗೆ ಮುಟ್ಟಿಸಿದರು. ಒಂದೂ ಮನೆ ತಪ್ಪಲಿಲ್ಲವಂತೆ.

ಈಗ ಇನ್ನೊಂದು ಸುದ್ದಿ. ನಮ್ಮ ಪ್ರೊಫೆಸರರ ಮೂಲಕ ನನಗೊಂದು ಅನುವಾದದ ಕೆಲಸ ಬಂತು. ಕುಟುಂಬ ವೈದ್ಯರ ಕೊರತೆಗೆ ಸರ್ಕಾರ ಏನು ಮಾಡಬಹುದು ಎಂಬ ಒಂದು ಕರಡು. ಅದನ್ನು ಕನ್ನಡಕ್ಕೆ ತಂದು, ಜನರ ಅಭಿಪ್ರಾಯ ಕೇಳುವ ಸಭೆಯಲ್ಲಿ ಕುಳಿತು ಯಾರು ಏನೆಂದರು ಎಂದು ಬರೆದುಕೊಡಬೇಕು. ನನ್ನಂಥವಳಿಗೆ ಹೇಳಿ ಮಾಡಿಸಿದ ಕೆಲಸ. ಬಾಯಿ ಬೇಡ, ಕಿವಿ ಸಾಕು.

ಅನುವಾದ ಮಾಡುತ್ತಾ ಮಾಡುತ್ತಾ ನೀನೇ ನೆನಪಾದೆ. ಎಂ.ಬಿ.ಬಿ.ಎಸ್. ಮುಗಿಸಿದವರ ಕಡ್ಡಾಯ ಸೇವೆಯನ್ನು ಇನ್ನಷ್ಟು ವರ್ಷ ಹೆಚ್ಚಿಸುವುದು ಒಂದು ದಾರಿಯಂತೆ. ಅದೇ ಸೇವೆಗೆಂದು ಯಾದಗಿರಿಯ ಆ ಆಸ್ಪತ್ರೆಯಲ್ಲಿ ಒಬ್ಬಳೇ ಕುಳಿತು, ಊಟದ ಡಬ್ಬಿ ತೆರೆಯದೆ ಸಂಜೆಗೆ ಹಾಗೇ ವಾಪಸು ಒಯ್ಯುತ್ತೇನೆ ಎಂದು ನೀನು ಬರೆದದ್ದು ಆ ಪುಟದಲ್ಲಿ ಇರಲಿಲ್ಲ. ಇನ್ನೊಂದು ಕಡೆ, ಹೃದಯಕ್ಕೆ, ಎಲುಬಿಗೆ ಇರುವ ಹಾಗೆ ಮನೆಮಂದಿಯ ವೈದ್ಯಕ್ಕೂ ಎಲ್ಲ ಕಾಲೇಜುಗಳಲ್ಲಿ ಎಂ.ಡಿ. ಸೀಟು ಕೊಡಬೇಕು, ಆಗ ಅದು ಸೀಟು ಸಿಗದವರ ಕೆಲಸ ಎಂಬ ಹೆಸರು ಹೋಗುತ್ತದೆ ಎಂದಿತ್ತು. ಅದು ನನಗೆ ಹಿಡಿಸಿತು. ಬಿ.ಪಿ., ಸಕ್ಕರೆ ನೋಡಿಕೊಳ್ಳುವುದನ್ನು ತರಬೇತಾದ ನರ್ಸುಗಳಿಗೆ ಬಿಡುವ ಮಾತೂ, ಒಂದೊಂದು ವೈದ್ಯ ತಂಡಕ್ಕೆ ಇಷ್ಟು ಮನೆ ಎಂದು ಒಪ್ಪಿಸಿ, ರೋಗ ಬಂದರೂ ಬಾರದಿದ್ದರೂ ಆ ಮನೆಗಳ ಲೆಕ್ಕದಲ್ಲೇ ಸರ್ಕಾರ ಸಂಬಳ ಕೊಡುವ ಮಾತೂ ಇತ್ತು.

ಸಭೆಗೆ ನಮ್ಮ ಓಣಿಯಿಂದ ಒಂದು ಟೆಂಪೊ ಜನ ಹೋಗಿದ್ದರು. ಪಂಪ್‌ವೆಲ್‌ನಲ್ಲಿ ಪೈಂಟ್ ಅಂಗಡಿ ಇಟ್ಟಿರುವ ನಮ್ಮ ಹಸೈನಾರ್ ಕಾಕ ಮುಂದಿನ ಸಾಲಿನಲ್ಲಿ. ಕ್ಲಿನಿಕ್ಕಿನ ಕೋಣೆ ಅವರದೇ ಆದ್ದರಿಂದ ಅವರಿಗೆ ಅಧಿಕಾರ ಜಾಸ್ತಿ. ಅವರು ಮೈಕಿನಲ್ಲಿ ಹೇಳಿದ್ದನ್ನು ನಾನು ಒಂದಕ್ಷರ ಬಿಡದೆ ಬರೆದುಕೊಂಡೆ.

"ಸರ್, ಕಂಕನಾಡಿಯಲ್ಲಿ ಕಣ್ಣುಮುಚ್ಚಿ ಕಲ್ಲು ಬಿಸಾಡಿದ್ರೆ ಡಾಕ್ಟ್ರ ತಲೆಗೇ ಬೀಳ್ತದೆ. ಹೊಟ್ಟೆಗೊಂದು ಬಾಗಿಲು, ಎದೆಗೊಂದು ಬಾಗಿಲು. ಹೊಟ್ಟೆಯ ನೋವು ಎದೆಗೆ ಹೋದ್ರೆ ನಾನೂ ಅದರ ಹಿಂದೆಯೇ ಓಡ್ಬೇಕಾ? ಯಾವ ಬಾಗಿಲಿಗೆ ಹೋಗು ಅಂತ ಹೇಳುವ ಒಬ್ಬ ಜನ ನಮಗೆ ಬೇಕು, ಅಷ್ಟೆ."

ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕರು. ಆಮೇಲೆ ಜನ ಒಬ್ಬೊಬ್ಬರಾಗಿ ಎದ್ದು ಸರ್ಕಾರದ ದಾರಿಗಳ ಬಗ್ಗೆ ಏನೂ ಹೇಳದೆ ಚಿತ್ತರಂಜನ ಡಾಕ್ಟ್ರನ್ನೇ ಹೊಗಳಿದರು. ಮಗಳ ಮದುವೆಯ ದಿನವೂ ಕ್ಲಿನಿಕ್ ತೆರೆದಿದ್ದರು, ಹೆಂಡತಿ ತೀರಿಕೊಂಡ ವಾರದಲ್ಲೇ ಮನೆಗೆ ಬಂದು ಮಗುವಿನ ಜ್ವರ ನೋಡಿದರು, ಅಂಥವರು ನಮಗೆ ಇನ್ನೊಬ್ಬರು ಬೇಕು. ಡಾಕ್ಟ್ರು ಒಲಿಂಡಾ ಬಾಯಿಯ ತೋಳು ಹಿಡಿದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಕೊನೆಗೆ ಅವರೇ ಎದ್ದರು. ಒಬ್ಬೊಬ್ಬರಿಗೆ ಮೂರು ನಿಮಿಷ ಎಂದರು ಅಧಿಕಾರಿ. "ಮೂರು ನಿಮಿಷದಲ್ಲಿ ಇವರಿಗೆ ಪೇಶೆಂಟ್‌ನ ಅಜ್ಜನ ಹೆಸರು ಕೇಳಿಯೇ ಮುಗಿಯುವುದಿಲ್ಲ," ಎಂದರು ಒಲಿಂಡಾ ಬಾಯಿ, ಮೈಕಿಗೆ ಕೇಳಿಸುವ ಹಾಗೆಯೇ.

ಡಾಕ್ಟ್ರು ಮೂರು ನಿಮಿಷವೂ ತೆಗೆದುಕೊಳ್ಳಲಿಲ್ಲ.

"ನನ್ನ ಹಾಗೆ ಇನ್ನೊಬ್ಬರನ್ನು ಹುಡುಕ್ಬೇಡಿ," ಎಂದರು. "ಮಗಳ ಮದುವೆ ದಿನ ನಾನು ಕ್ಲಿನಿಕ್ಕಿಗೆ ಹೋದದ್ದು ನಿಮಗೆ ದೊಡ್ಡ ಸಂಗತಿ. ಅವಳು ಅದನ್ನು ಇವತ್ತಿಗೂ ಮರೆತಿಲ್ಲ. ನಾನು ಒಬ್ಬನೇ ಇದ್ದೆ, ಅದಕ್ಕೇ ನಾನು ಮುಚ್ಚಿದ ದಿನ ಎಲ್ಲ ಮುಚ್ಚಿತು. ನಾಲ್ಕು ಜನ ಇರ್ಲಿ. ಒಬ್ಬರು ರಜೆ ಹಾಕಿದ್ರೆ ಇನ್ನೊಬ್ಬರು ಇರ್ಲಿ. ಸಂಬಳ ಕೊಡಿ, ಸಂಜೆ ಮನೆಗೆ ಕಳಿಸಿ. ತ್ಯಾಗ ಮಾಡುವವರನ್ನು ನಂಬಿ ಊರಿನ ಆರೋಗ್ಯ ನಡೆಸ್ಲಿಕ್ಕೆ ಆಗುವುದಿಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೇಸರವಾಗಿರಬೇಕು, ನಾವು ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಅವರು ಕೆಳಗಿಟ್ಟ ಹಾಗೆ ಆಗಿತ್ತು. ನಾನು ಅವರಿಗೆ ಋಣಿ ಎಂದು ಮನಸ್ಸಿನಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅವರು ಮನೆಗೆ ಹೋಗಿ ಯಾವಾಗ ಉಣ್ಣುತ್ತಿದ್ದರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಆದರೆ ನಮ್ಮ ಓಣಿಯವರ ತಲೆಗೆ ಅದು ಹೋಗಲಿಲ್ಲ. ಅವತ್ತು ಸಂಜೆಯೇ ಹಸೈನಾರ್ ಕಾಕ ನಮ್ಮ ಮನೆಗೆ ಬಂದರು. ಜೊತೆಗೆ ಕಿನ್ನಿಯಕ್ಕನೂ ಇದ್ದರು. ಕರೆದುಕೊಂಡು ಬಂದಿದ್ದರು ಎನ್ನುವುದೇ ಸರಿ. ಕಾಕನ ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಹಲಗೆ. ಬಿಚ್ಚಿದರೆ ನಿನ್ನ ಹೆಸರು. ಬಿಳಿಯ ಮೇಲೆ ನೀಲಿ ಅಕ್ಷರ, ಕೆಳಗೆ ಎಂ.ಬಿ.ಬಿ.ಎಸ್., ಅದರ ಕೆಳಗೆ ಗೆರೆ ಎಳೆದು ಖಾಲಿ ಜಾಗ, ಮುಂದೆ ಏನಾದರೂ ಓದಿದರೆ ಸೇರಿಸಲಿಕ್ಕಂತೆ. ಪೈಂಟ್ ಅಂಗಡಿಯದೇ, ಒಳ್ಳೆಯದು, ಬಿಸಿಲಿಗೂ ಮಳೆಗೂ ಮಾಸುವುದಿಲ್ಲ ಎಂದರು. ಕೋಣೆಗೆ ಬಾಡಿಗೆ ಬೇಡ, ಒಲಿಂಡಾ ಬಾಯಿ ಬರುತ್ತಾರೆ, ಸುಣ್ಣ ಹೊಡೆದು ಆಗಿದೆ. ಇನ್ನು ಹುಡುಗಿ ಬರುವುದೊಂದೇ ಬಾಕಿ.

"ಸರ್ಕಾರ ಮಾಡುವಾಗ ನಾವೆಲ್ಲ ಮಣ್ಣಿಗೆ ಹೋಗಿ ಆಗ್ತದೆ ಮಾರಾಯ್ತಿ. ನೀನು ಕಲಿತವಳು. ಅವಳಿಗೆ ಒಂದು ಪತ್ರ ಬರಿ. ನಿನ್ನ ಮಾತು ಅವಳು ತೆಗೆದುಹಾಕುವುದಿಲ್ಲ. ಮನಸ್ಸಿಗೆ ತಾಗುವ ಹಾಗೆ ಬರಿ," ಎಂದರು.

ಹುಬ್ಬಳ್ಳಿಯ ಸೀಟಿನ ವಿಷಯ ಕಿನ್ನಿಯಕ್ಕನ ಮುಖದ ತುಂಬ ಇತ್ತು. ಹೊರಡುವಾಗ ಹಲಗೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ನನ್ನ ಕಡೆ ನೋಡಿ ಹೋದರು. ಒರೆಸಲು ಅದರ ಮೇಲೆ ಧೂಳೇ ಇರಲಿಲ್ಲ.

ಹಲಗೆ ಈಗ ನಮ್ಮ ಜಗಲಿಯಲ್ಲಿದೆ. ನಾನು ಅದನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದೇನೆ. ಉಮ್ಮ ದಿನಾ ತಿರುಗಿಸಿ ಇಡುತ್ತಾಳೆ. ಓದಲು ಬಾರದಿದ್ದರೂ ನಿನ್ನ ಹೆಸರು ಯಾವುದೆಂದು ಅವಳಿಗೆ ಗೊತ್ತು.

ಉಮ್ಮ ಬಟ್ಟೆ ಅಂಗಡಿಯವರ ಮಗಳಲ್ಲವಾ, ಅವಳಿಗೆ ಬೋಣಿ ಎಂದರೆ ದೊಡ್ಡ ನಂಬಿಕೆ. ಬೆಳಗಿನ ಮೊದಲ ವ್ಯಾಪಾರ ಒಳ್ಳೆಯ ಕೈಯಿಂದ ಆದರೆ ಅಂಗಡಿಗೆ ಬರಕತ್ತು ಎಂದು. ನಿನಗೆ ಮೆಡಿಕಲ್ ಸೀಟು ಸಿಕ್ಕಿದ ದಿನ ನಿನ್ನ ಬಾಯಿಗೆ ಖರ್ಜೂರ ಇಟ್ಟು ಅವಳು ಏನೆಂದಳು, ನೆನಪುಂಟಾ? "ನೀನು ಬೋರ್ಡ್ ಹಾಕಿದ ದಿನ ಮೊದಲ ಪೇಶೆಂಟ್ ನಾನು. ಬೋಣಿ ಬೇರೆಯವರಿಗೆ ಕೊಡ್ಬೇಡ." ನೀನು ನಗುತ್ತಾ ಆಯಿತು ಉಮ್ಮ ಎಂದಿದ್ದಿ. ನಿನಗೆ ಅದೊಂದು ತಮಾಷೆ. ಅವಳಿಗೆ ಕೊಟ್ಟ ಮಾತು. ನಮ್ಮ ಓಣಿಯ ಸುಮಾರು ಜನ ಈಗ ಹಾಗೆಯೇ ಆಗಿದ್ದಾರೆ. ಮೊಣಕಾಲು ನೋವು, ತಲೆ ತಿರುಗುವುದು, ಎಲ್ಲವನ್ನೂ ನಿರೀಕ್ಷಾ ಬರಲಿ ಎಂದು ತೆಗೆದಿಟ್ಟಿದ್ದಾರೆ. ಕಾಣದ ಸಾಲಿನಲ್ಲಿ ಕಾಣದ ಚಪ್ಪಲಿ ಇಟ್ಟು ಕುಳಿತಿದ್ದಾರೆ.

ಕಾಕ ಹೇಳಿದ್ದನ್ನು ಹೇಳಿದ್ದೇನೆ. ಕೋಣೆ, ಹಲಗೆ, ಒಲಿಂಡಾ ಬಾಯಿ, ಯಾವುದನ್ನೂ ಮುಚ್ಚಿಡಲಿಲ್ಲ. ಇನ್ನು ನನ್ನ ಮಾತು.

ನೀನು ಹುಬ್ಬಳ್ಳಿಗೆ ಹೋಗು.

ಕತ್ತಲ ಕೋಣೆಯಲ್ಲಿ ಕುಳಿತು ಬೆಳಕಿನ ಚಿತ್ರದಲ್ಲಿ ಮನುಷ್ಯರ ಒಳಗನ್ನು ಓದುವುದು ನಿನಗೆ ಎಷ್ಟು ಇಷ್ಟ ಎಂದು ನಾಲ್ಕು ಪುಟ ಬರೆದಿದ್ದೀ. ಅದನ್ನು ಓದುವಾಗ ನನ್ನದೇ ಕೆಲಸದ ಬಗ್ಗೆ ಓದಿದ ಹಾಗಾಯಿತು. ಹಾಗೆ ಇಷ್ಟಪಡುವವಳನ್ನು ತಡೆದು ಡಾಕ್ಟ್ರ ಆ ಕುರ್ಚಿಯಲ್ಲಿ ಕೂರಿಸಿದರೆ, ಇನ್ನು ಮೂವತ್ತು ವರ್ಷದ ನಂತರ ನೀನೂ ಒಂದು ಸಭೆಯ ಹಿಂದಿನ ಸಾಲಿನಲ್ಲಿ ಎದ್ದು ನಿಂತು ಅದೇ ಮಾತನ್ನು ಹೇಳಬೇಕಾಗುತ್ತದೆ. ಎಂದಾದರೂ ನಿನಗೇ ಮನಸ್ಸಾಗಿ, ನಾಲ್ಕು ಜನರಲ್ಲಿ ಒಬ್ಬಳಾಗಿ ಬರುವುದಾದರೆ ಬಾ. ಒಬ್ಬಳೇ ಬರಬೇಡ. ನಿನ್ನಲ್ಲಿ ಕೇಳಬೇಕಾದ್ದನ್ನು ನಾವು ಸರ್ಕಾರದಲ್ಲಿ ಕೇಳಬೇಕು. ಸಭೆಯ ವರದಿಯಲ್ಲಿ ಡಾಕ್ಟ್ರ ಮಾತನ್ನು ಮೊದಲ ಪುಟಕ್ಕೆ ಹಾಕಿದ್ದೇನೆ. ಕಾಕನ ಕಲ್ಲಿನ ಮಾತನ್ನೂ ಬಿಡಲಿಲ್ಲ.

ನೀನು ನನಗೆ ಕೊಟ್ಟದ್ದು ಕಡಿಮೆಯಲ್ಲ. ಅಂದು ನೀನು ತುಟಿಯಲ್ಲಿ ಹೇಳಿಕೊಟ್ಟ ಅಕ್ಷರಗಳಿಂದ ಇವತ್ತು ನನ್ನ ಅನ್ನ ನಡೆಯುತ್ತಿದೆ. ನನ್ನ ಉಪ್ಪ ತೀರಿಕೊಂಡ ವರ್ಷ ನಿನ್ನ ಅಮ್ಮ ನಮ್ಮ ಒಲೆ ಆರದ ಹಾಗೆ ನೋಡಿಕೊಂಡದ್ದೂ ಗೊತ್ತುಂಟು. ಇಷ್ಟು ಪಡೆದವಳು ಇನ್ನೂ ಬೇಡಬಾರದು. ಕಾಕನಿಗೆ ನಾನೇ ಹೇಳುತ್ತೇನೆ. ಹೇಗೆ ಎಂದು ಗೊತ್ತಿಲ್ಲ. ಪೇಪರ್ ಓದುವ ಹಾಗೆ ಗಟ್ಟಿಯಾಗಿ ಓದಿಬಿಡುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಆ ಡಬ್ಬಿ ಇನ್ನು ತುಂಬಿದ್ದು ತುಂಬಿದ ಹಾಗೆ ವಾಪಸು ಹೋಗದಿರಲಿ. ನಿನ್ನ ಕಣ್ಣಿಗೆ ಬೀಳುವ ಚಿತ್ರಗಳಲ್ಲೆಲ್ಲ ಒಳ್ಳೆಯ ಸುದ್ದಿಯೇ ಹೆಚ್ಚು ಇರಲಿ ಎಂದು ಅಲ್ಲಾಹನಲ್ಲಿ ಬೇಡುತ್ತೇನೆ. ಉಮ್ಮನ ದುವಾ ಯಾವಾಗಲೂ ನಿನ್ನ ಮೇಲಿದೆ.

ನಿನ್ನ,
ಝಹ್ರಾ

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ಹೇಗೂ ಮೊದಲ ಸಾಲು ಓದುವಾಗಲೇ ನೀನು ಪತ್ರ ಕೆಳಗಿಟ್ಟಿರುತ್ತೀ; ಸಕ್ಕರೆಯವರಿಗೆ ಡಾಕ್ಟ್ರು ಕೇಳುತ್ತಿದ್ದ ಆ ಪ್ರಶ್ನೆ ನಿನಗೆ ಮರೆಯುವಂಥದ್ದಲ್ಲ. ಉಮ್ಮನ ಚಪ್ಪಲಿ ಅವಳಿಗೆ ಗೊತ್ತಾಗದೆ ಕಳಚಿತ್ತು. ತೊಳೆದೆ ಎಂದು ಬರೆದೆ, ಏಕೆ ತೊಳೆದೆ ಎಂದು ಬರೆಯಲಿಲ್ಲ. ಅದರ ಒಳಗೆ, ಹೆಬ್ಬೆರಳಿನ ಬುಡ ಊರುವಲ್ಲಿ, ರಕ್ತವೂ ಕೀವೂ ಅಂಟಿತ್ತು. ಕೇಳಿದಾಗ ಮೊದಲು ಕಾಲನ್ನು ಬಟ್ಟೆಯೊಳಗೆ ಎಳೆದುಕೊಂಡಳು. ಆಮೇಲೆ ತೋರಿಸಿದಳು. ಗಾಯ ಆಳವಾಗಿದೆ, ನಿರೀಕ್ಷಾ. ಯಾವಾಗ ಆಯಿತೆಂದು ಅವಳಿಗೇ ಗೊತ್ತಿಲ್ಲ, ನೋವೇ ಇಲ್ಲವಂತೆ. ಅರಸಿನ ಹಚ್ಚಿ ಕಟ್ಟಿಕೊಂಡು ಇಷ್ಟು ದಿನ ಕಾದಿದ್ದಾಳೆ. "ನೋವಿಲ್ಲದ್ದಕ್ಕೆ ಬೇರೆಯವರ ಹತ್ರ ಯಾಕೆ ಹೋಗುವುದು? ಆ ಹುಡುಗಿಗೆ ಅಂತ ಇಟ್ಟಿದ್ದೇನೆ," ಎಂದಳು. ಕೊಡುವವರ ಮುಖದಲ್ಲಿ ಇರುವಂಥ ಒಂದು ನಗು ಇತ್ತು ಅವಳಲ್ಲಿ.

ಇದಕ್ಕಾಗಿ ನೀನು ಬ್ಯಾಗು ಕಟ್ಟಿ ಹೊರಟು ಬರಬೇಡ. ಬರಲೆಂದು ಬರೆದದ್ದೂ ಅಲ್ಲ. ಕಾಲು ಉಳಿಯುತ್ತದೋ ಬೆರಳು ಹೋಗುತ್ತದೋ ಎಂಬುದು ನನಗೆ ತಿಳಿಯದು. ಇನ್ನು ಯಾರಿಗೂ ಕಾಯುವ ಹಾಗಿಲ್ಲ ಎಂಬುದಷ್ಟು ತಿಳಿಯುತ್ತದೆ. ರಿಕ್ಷಾಕ್ಕೆ ಹೇಳಿಯಾಗಿದೆ, ಉಮ್ಮನಿಗೆ ಇನ್ನೂ ಹೇಳಿಲ್ಲ. ಅವಳು ಚಹಾ ಕುಡಿದು ಮುಗಿಸಿದ ಕೂಡಲೇ ಮುಖ್ಯರಸ್ತೆಯ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಕುಳಿತಿರುವ ಡಾಕ್ಟ್ರ ಹೆಸರೂ ನನಗೆ ಗೊತ್ತಿಲ್ಲ. ಅವರಿಗೆ ನಾನೇ ಎಲ್ಲವನ್ನೂ ಕೇಳಿಸುವಂತೆ ಹೇಳುತ್ತೇನೆ. ನಿನ್ನ ಬೋಣಿಯನ್ನು ಇವತ್ತು ಅವರಿಗೆ ಕೊಡುತ್ತಿದ್ದೇನೆ.